ಗಾಡಿ ಹೊಳ್ಳುವ ಜಾಗ

ಬೇಕಾದ ಹೊತ್ತಿಗೇ ಪಕ್ಕಡ ದೇವರಾಗಿ ಕೂತಿತ್ತು. ಅದರ ಹಿಡಿಕೆಯ ಮೇಲೆ ವಿಭೂತಿ, ಕಚ್ಚುವ ಬಾಯಿಗೊಂದು ಚೆಂಡುಹೂವು. ಪಕ್ಕದಲ್ಲಿ ಮೀಟರು, ಬೆಸುಗೆ ಕಡ್ಡಿ, ಟೆಸ್ಟರು, ಅಡಿಗೆಮನೆಯ ಈಳಿಗೆ, ಹೊಲದ ಮನೆಯಿಂದ ಬಂದ ಹಳೆಯ ಕುಡುಗೋಲು, ಎಲ್ಲವೂ ಒಂದೇ ಮಣೆಯ ಮೇಲೆ ಸಾಲಾಗಿ ಮಲಗಿದ್ದವು. ಖಂಡೇ ಪೂಜೆ ಎಂದರೆ ಆಯುಧ ಪೂಜೆ, ಆ ದಿನ ಸಾಮಾನು ಮುಟ್ಟುವ ಹಾಗಿಲ್ಲ, ನಾಳೆ ಬನ್ನಿ ಮುಡಿದ ಮೇಲೆಯೇ ಇಳಿಸುವುದು. ಸವಣೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೃತ್ಯುಂಜಯ ಮಾಸ್ತರ ಬೆಳಗಿನಿಂದ ಆ ಮಣೆಯ ಸುತ್ತ ಸುಳಿದಾಡುತ್ತಿದ್ದ. ಒಂದು ಸಲ ಬಗ್ಗಿ ಮೀಟರಿನ ತಂತಿಗೆ ಬೆರಳು ತಾಗಿಸಿದ. ಹಿಂದಿನಿಂದ ಶ್ವೇತಾಳ ದನಿ ಬಂತು: "ಕೈ ಹಚ್ಚಬ್ಯಾಡ್ರಿ. ಒಂದಿನ ಸುಮ್ಮ ಕುಂತ್ರ ನಿಮ್ಮ ರೈಲೇನು ಓಡಿ ಹೋಗೂದಿಲ್ಲ." ಓಡಿ ಹೋಗುವುದಿಲ್ಲ ಎಂಬುದೇ ತಾಪತ್ರಯವಾಗಿತ್ತು. ಹೆಂಡತಿಗೆ ಅದು ತಿಳಿದೇ ಚುಚ್ಚಿದಳೋ, ಸುಮ್ಮನೆ ಅಂದಳೋ ಗೊತ್ತಾಗದೆ ಅವನು ಕೈ ಹಿಂದೆ ತೆಗೆದುಕೊಂಡ.

ಮೀಟರು ಸಿಗದಿದ್ದರೇನಾಯಿತು, ತಲೆ ಇದೆಯಲ್ಲ ಎಂದುಕೊಂಡು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತ. ಶಾಲೆಯ ಹಾಲಿನಲ್ಲಿ ಎರಡು ಮಂಚದಗಲದ ಹಲಗೆ, ಅದರ ಮೇಲೆ ಕರೆಂಟಿನಿಂದ ಓಡುವ ಮಾದರಿ ರೈಲು. ಅದರ ಒಂದು ತುದಿಗೆ ಯಲವಿಗಿ ಸ್ಟೇಷನ್, ಹಳದಿ ಬೋರ್ಡು, ಬೆಂಕಿಪೊಟ್ಟಣದಷ್ಟು ದೊಡ್ಡ ಟಿಕೆಟ್ ಕೋಣೆ. ಇನ್ನೊಂದು ತುದಿಗೆ ಸವಣೂರು. ನಿಜವಾಗಿ ಸವಣೂರಿಗೆ ರೈಲೇ ಇಲ್ಲ. ಆದರೆ ಹಲಗೆಯ ಮೇಲೆ ಹಳಿ ಹಾಕಲು ಯಾರಪ್ಪನ ಅಪ್ಪಣೆ ಬೇಕು? ಡ್ರಾಯಿಂಗ್ ಮಾಸ್ತರ ಕೊಟ್ರೇಶ ಹಸಿರು ಕಾಗದ ಕತ್ತರಿಸಿ ಎಲೆಬಳ್ಳಿ ತೋಟ ಹಬ್ಬಿಸಿದ್ದ, ಥರ್ಮಾಕೋಲಿನಲ್ಲಿ ಮಸೀದಿಯ ಮಿನಾರು ಎಬ್ಬಿಸಿದ್ದ, ಖಾರದ ಅಂಗಡಿಯ ಮುಂದೆ ಸಾಸಿವೆ ಕಾಳಿನಷ್ಟು ತಲೆಯ ಗಿರಾಕಿಗಳನ್ನು ನಿಲ್ಲಿಸಿದ್ದ. ಹಲಗೆಯ ಕೆಳಗಿನ ತಂತಿಗಳೂ ಅವನ ಕೈಯವೇ. ಎಡ ಹಳಿಗೆ ಕೆಂಪು ತಂತಿ, ಬಲ ಹಳಿಗೆ ಕರಿ ತಂತಿ, ಮೊಳಕ್ಕೊಂದು ಬೆಸುಗೆ. ಮೃತ್ಯುಂಜಯ ಮೇಲೆ ನಿಂತು "ಕೆಂಪು ಕೊಡು, ಈಗ ಕರೀದು" ಎಂದು ತೂತಿನಲ್ಲಿ ತಂತಿ ಇಳಿಬಿಡುತ್ತಿದ್ದ, ಕೊಟ್ರೇಶ ಕೆಳಗೆ ಅಂಗಾತ ಮಲಗಿ ಹಿಡಿಯುತ್ತಿದ್ದ. ಮೊದಲ ದಿನವೇ ಅದು ತೀರ್ಮಾನವಾಗಿ ಹೋಗಿತ್ತು. "ನನಗ ನಡಾ ಹಿಡ್ದೈತಿ ಮಾರಾಯಾ, ಬಗ್ಗಾಕ ಬರಂಗಿಲ್ಲ" ಎಂದಿದ್ದ ಮೃತ್ಯುಂಜಯ. "ಇರಲಿ ಬಿಡ್ರಿ ಸರ್, ನಾ ಮಲಗ್ತೇನಿ" ಎಂದಿದ್ದ ಕೊಟ್ರೇಶ. ಸೊಂಟ ಆವತ್ತು ಒಂದು ದಿನ ನೋಯುತ್ತಿದ್ದುದು ನಿಜ.

ನಿನ್ನೆ ಅಷ್ಟಮಿಯ ದಿನ ಚೇರ್ಮನ್ನರು ಆಡಳಿತ ಮಂಡಳಿಯವರನ್ನು ಕರೆದುಕೊಂಡು ಬಂದಿದ್ದರು. ರಜೆ ಮುಗಿದ ಕೂಡಲೇ ಶಾಲೆಯ ಸುವರ್ಣ ಮಹೋತ್ಸವ, ಅದಕ್ಕೆ ಮೊದಲು ಗಾಡಿ ಓಡುವುದನ್ನು ನೋಡಬೇಕಂತೆ. ಚೇರ್ಮನ್ ಚನ್ನವೀರಪ್ಪ ಮೃತ್ಯುಂಜಯನಿಗೆ ಸ್ವಂತ ಕಾಕಾ. ಮನೆಯಲ್ಲಿ ಕಾಕಾ, ಶಾಲೆಯಲ್ಲಿ ಸಾಹೇಬರು, ಎರಡೂ ಕಡೆ ಎದ್ದು ನಿಲ್ಲಬೇಕು. ಮೃತ್ಯುಂಜಯ ಪವರ್ ಬಾಕ್ಸಿನ ಗುಂಡಿ ತಿರುಗಿಸಿದ. ಎಂಜಿನ್ನು ಅಲುಗಲಿಲ್ಲ. ಬಾಕ್ಸು ಗುಂಯ್ ಅಂದಿತು, ಸುಟ್ಟ ರಬ್ಬರಿನ ವಾಸನೆ ಹಬ್ಬಿತು, ಆಮೇಲೆ ಅದರ ದೀಪವೂ ಆರಿತು. "ಗಾಡಿ ಲೇಟ್ ಐತೇನ್ರಿ ಮಾಸ್ತರ?" ಎಂದು ಮಂಡಳಿಯವರಲ್ಲಿ ಒಬ್ಬರು ಕೇಳಿದರು, ಉಳಿದವರು ನಕ್ಕರು. ಕಾಕಾ ನಗಲಿಲ್ಲ. "ತಂತಿ ಯಾರು ಜೋಡ್ಸ್ಯಾರ?" "ಕೊಟ್ರೇಶನರಿ" ಎಂದ ಮೃತ್ಯುಂಜಯ. ಸುಳ್ಳು ಏನಿತ್ತು ಅದರಲ್ಲಿ? ಅಷ್ಟು ಹೊತ್ತಿಗೆ ಕೊಟ್ರೇಶ ಹಲಗೆಯ ಕೆಳಗೇ ಇದ್ದ, ಯಾವುದೋ ತಂತಿ ಸಡಿಲಾಗಿರಬಹುದೆಂದು ನುಗ್ಗಿದ್ದ. ಅಲ್ಲಿಂದಲೇ ಎಲ್ಲ ಕೇಳಿಸಿಕೊಂಡಿರಬೇಕು. "ಯಾರ ಕೈಯಾಗ ಏನ್ ಕೊಡಬೇಕು ಅನ್ನೂದು ತಿಳೀಬೇಕೋ ಮೃತ್ಯುಂಜಯ" ಎಂದರು ಕಾಕಾ. 'ಯಾರ ಕೈ' ಎಂಬುದನ್ನು ಅವರು ಒತ್ತಿ ಹೇಳಲಿಲ್ಲ. ಒತ್ತಬೇಕಾಗಿಯೂ ಇರಲಿಲ್ಲ, ನಿಂತವರಿಗೆಲ್ಲ ಕೊಟ್ರೇಶ ಯಾವ ಕೇರಿಯವನೆಂದು ಗೊತ್ತಿತ್ತು. ಕೊಟ್ರೇಶ ಹೊರಗೆ ತೆವಳಿ ಬಂದ, ಕೂದಲಿಗೆ ಕಟ್ಟಿಗೆಯ ಪುಡಿ. "ಎಲ್ಲೋ ಎರಡು ತಂತಿ ಕೂಡ್ಯಾವ್ರಿ ಸಾಹೇಬ್ರ, ಈಗ ನೋಡ್ತೇನ್ರಿ" ಎಂದ. "ಬ್ಯಾಡ. ಇನ್ನ ಮುಟ್ಟಬ್ಯಾಡ" ಎಂದರು ಕಾಕಾ. ಆಮೇಲೆ ಬಾಗಿಲಲ್ಲಿ, ಎಲ್ಲರಿಗೂ ಕೇಳುವ ಹಾಗೆ: "ರಜಾ ಮುಗೀಲಿ, ಬ್ಯಾರೆ ಡ್ರಾಯಿಂಗ್ ಮಾಸ್ತರನ್ನ ನೋಡೂಣು." ಕೊಟ್ರೇಶನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ, ಅದು ಕಾಕಾನ ಒಂದು ಮಾತಿನ ಮೇಲೆ ನಿಂತಿತ್ತು. ಮೃತ್ಯುಂಜಯ ಆಗ ಏನು ಮಾಡಿದ? ನಕ್ಕ. ಹಲ್ಲು ಕಾಣುವ ಹಾಗೇನೂ ಅಲ್ಲ, ತುಟಿ ಸ್ವಲ್ಪ ಅಗಲವಾಯಿತು, ದೊಡ್ಡವರು ಮಾತಾಡಿದಾಗ ತಾನಾಗಿ ಆಗುತ್ತದಲ್ಲ, ಹಾಗೆ. ಕುಂಚಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದ ಕೊಟ್ರೇಶ ಆ ನಗೆಯನ್ನು ನೋಡಿದ. ನೋಡಿ, ತಾನೇ ನಾಚಿಕೊಂಡವನಂತೆ ಮುಖ ತಿರುಗಿಸಿದ. ಥೂ, ಆ ನಗೆಯನ್ನು ಈಗ ಯಾವ ಪಕ್ಕಡದಿಂದ ಕಿತ್ತು ತೆಗೆಯುವುದು?

ಊಟಕ್ಕೆ ಹೋಳಿಗೆ ಇತ್ತು. ತಾಟಿನಲ್ಲಿ ತುಪ್ಪದ ಮೇಲೆ ಬೆರಳಾಡಿಸುತ್ತ ಮನಸ್ಸಿನಲ್ಲೇ ಮತ್ತೆ ಯಲವಿಗಿಯಿಂದ ಹೊರಟ. ಸ್ಟೇಷನ್ನಿನ ಬೆಸುಗೆ ಸರಿ. ಸೇತುವೆಯ ಕೆಳಗಿನದು? ಅದನ್ನು ಕೊಟ್ರೇಶ ಸಂಜೆ ಗಡಿಬಿಡಿಯಲ್ಲಿ ಮಾಡಿದ್ದ, ಅಲ್ಲಿ ಹೋಗಿರಬಹುದು. ಅಲ್ಲೇ ಹೋಗಿರಲಿ. ಹೀಗೆ ಬಯಸುತ್ತಿದ್ದೇನೆ ಎಂದು ತಿಳಿದಾಗ ಅವನ ಬೆರಳು ನಿಂತಿತು. ತಪ್ಪು ಕೊಟ್ರೇಶನದೇ ಆಗಿದ್ದರೆ ನಿನ್ನೆಯದೆಲ್ಲ ನ್ಯಾಯವೇ ಆಗುತ್ತದೆ, ಕಾಕಾನ ಮಾತೂ, ತನ್ನ ನಗೆಯೂ. ಒಂದು ಕೆಟ್ಟ ಬೆಸುಗೆ ಸಾಕು. ಇಡೀ ಮುಂಜಾನೆ ತಾನು ಹುಡುಕುತ್ತಿದ್ದುದು ತಪ್ಪನ್ನಲ್ಲ, ಕೊಟ್ರೇಶನ ತಪ್ಪನ್ನು. ಆದರೆ ಕೊಟ್ರೇಶನ ಬೆಸುಗೆ ಎಂದರೆ ನುಣ್ಣಗೆ ಹೊಳೆಯುವ ಹನಿ, ಒಂದರಷ್ಟೇ ಇನ್ನೊಂದು. ಎರಡು ವಾರ ಆ ಹಲಗೆಯ ಮೇಲೆ ಗಾಡಿ ಯಲವಿಗಿಯಿಂದ ಸವಣೂರಿಗೆ ಹೋಗಿ, ಹಿಂದಕ್ಕೆ ಹಿಂದಕ್ಕೆ ಬರುತ್ತ, ಒಂದು ಸಲವೂ ಕೆಮ್ಮದೆ ಓಡಿತ್ತು. ಹಾಗಾದರೆ ಆಮೇಲೆ ಏನಾಯಿತು? "ಯಾಕ್ರಿ, ಹೋಳಿಗಿ ಸೇರಲಿಲ್ಲೇನು?" ಎಂದಳು ಶ್ವೇತಾ. "ನಾಳೆ ಬನ್ನಿಗೆ ಮಂದಿ ಬರ್ತಾರ, ಪೇಪರ್ ಕಪ್ ತರೂದು ಮರೀಬ್ಯಾಡ್ರಿ." ಅವನು ಹೂಂ ಎಂದ. ಪ್ರತಿ ವರ್ಷ ಕೊಟ್ರೇಶ ಬನ್ನಿ ಕೊಟ್ಟು, ಪಡಸಾಲೆಯಲ್ಲಿ ಕೂತು, ಪೇಪರ್ ಕಪ್ಪಿನಲ್ಲಿ ಚಹಾ ಕುಡಿದು, ಖಾಲಿ ಕಪ್ಪನ್ನು ತಾನೇ ಒಯ್ದು ಹೊರಗಿನ ಬುಟ್ಟಿಗೆ ಹಾಕಿ ಹೋಗುತ್ತಿದ್ದ. ಮಂದಿ ಬಹಳ, ಅದಕ್ಕೆ ಪೇಪರ್ ಕಪ್ಪು, ಎಲ್ಲರಿಗೂ ಅದೇ. ಕಾಕಾನಿಗೆ ಮಾತ್ರ ಸಕ್ಕರೆ ಕಡಿಮೆ ಎಂದು ಬೇರೆ ಮಾಡುತ್ತಾರೆ, ಅದು ಹೂವಿನ ಕಪ್ಪುಬಸಿಯಲ್ಲಿ ಬರುತ್ತದೆ. ಇಷ್ಟು ವರ್ಷ ಈ ಲೆಕ್ಕದಲ್ಲಿ ಎಲ್ಲೂ ತಪ್ಪಿರಲಿಲ್ಲ. ಇವತ್ತು ಯಾಕೆ ಕಣ್ಣಿಗೆ ಬೀಳುತ್ತಿದೆಯೋ.

ಸಂಜೆ ಬೈಕಿನ ಪೂಜೆ. ಅಂಗಳದಲ್ಲಿ ತೊಳೆದು ನಿಲ್ಲಿಸಿದ ಬೈಕಿಗೆ ಬಾಳೆಕಂದು ಕಟ್ಟಿ, ಶ್ವೇತಾ ಹೊಸ್ತಿಲಿನಿಂದ ರಂಗೋಲಿ ಎಳೆಯತೊಡಗಿದಳು. ಬಿಳಿ ಎಳೆಯೊಂದು, ಅದರ ಮಗ್ಗುಲಿಗೆ ಕೆಮ್ಮಣ್ಣಿನ ಕೆಂಪು ಎಳೆಯೊಂದು. ಎಡಕ್ಕೆ ಬಿಳಿ, ಬಲಕ್ಕೆ ಕೆಂಪು, ಎರಡೂ ಜೋಡಿಯಾಗಿ ಹೊಸ್ತಿಲಿನಿಂದ ಬೈಕಿನವರೆಗೆ ನೆಟ್ಟಗೆ ಬಂದವು, ಮುಂದಿನ ಗಾಲಿಯ ಹತ್ತಿರ ತಿರುಗಿ ಬೈಕನ್ನು ಬಳಸಿಕೊಂಡು ಹೋದವು. ಅವಳು ಬಗ್ಗಿಕೊಂಡೇ ಹಿಂದಕ್ಕೆ ಸರಿಯುತ್ತ, ಬೈಕನ್ನು ಒಂದು ಸುತ್ತು ಹಾಕಿ, ಹೊಸ್ತಿಲಿನಿಂದ ಬಂದ ಜೋಡಿಗೇ ಎದುರಿನಿಂದ ತಂದು ಕೂಡಿಸಹೋದಳು. "ಅಯ್ಯ, ಇದರ!" ಎಂದು ಕೈ ತಡೆದಳು. ಸುತ್ತಿ ಬಂದ ಬಿಳಿ ಎಳೆಯ ತುದಿ ಹೊಸ್ತಿಲಿನಿಂದ ಬಂದ ಕೆಂಪು ಎಳೆಗೆ ಬಡಿದಿತ್ತು. ಕೆಂಪಿನ ತುದಿ ಬಿಳಿಯ ಮೇಲೆ. "ನೋಡ್ರಿ, ಎಲ್ಲೂ ತಪ್ಪಿಲ್ಲ, ಜೋಡಿ ಬಿಟ್ಟಿಲ್ಲ. ಬಂದು ಕೂಡೂ ಹೊತ್ತಿಗೆ ಅದಲಿ ಬದಲಿ ಆಗೇತಿ." ಅವಳು ಅಂಗೈಯಿಂದ ಒರೆಸಿದಳು, ಅಲ್ಲೊಂದು ಗುಲಾಬಿ ಕಲೆ ಉಳಿಯಿತು.

ಅಂಗಳದ ಕಟ್ಟೆಯ ಮೇಲೆ ಕೂತಿದ್ದ ಮೃತ್ಯುಂಜಯ ಎದ್ದು ನಿಂತ. ಸುತ್ತು. ಸವಣೂರಿನ ಸುತ್ತು. ಕಾಕಾ ಒಮ್ಮೆ ಹಾಲಿಗೆ ಬಂದವರು "ಗಾಡಿ ಹಿಂದ ಹಿಂದ ಬರೂದು ಚಂದ ಕಾಣಂಗಿಲ್ಲೋ, ಸವಣೂರಿಗೆ ಬಂದು ಮುಖಾ ಹೊಳ್ಳಿಸಿ ಹೋಗಬೇಕು" ಎಂದಿದ್ದರು. ಅಷ್ಟಮಿಯ ಹಿಂದಿನ ದಿನ ಕೊಟ್ರೇಶ ಅವ್ವನನ್ನು ನೋಡಲು ಚಿಕ್ಕೇರೂರಿಗೆ ಹೋಗಿದ್ದ. ಅವನು ಬರುವುದರೊಳಗೆ ಮುಗಿಸಿ ಬೆರಗುಗೊಳಿಸಬೇಕೆಂದು ಮೃತ್ಯುಂಜಯ ಒಬ್ಬನೇ ಕೂತು, ಎಲೆತೋಟದ ಸುತ್ತ ಹಳಿಯ ತುಂಡುಗಳನ್ನು ಕ್ಲಿಪ್ಪಿನಿಂದ ಒಂದಕ್ಕೊಂದು ಸಿಕ್ಕಿಸಿ, ಬಂದ ಹಳಿಗೇ ತಂದು ಕೂಡಿಸಿದ್ದ. ಎಡ ಹಳಿ ಸುತ್ತಿ ಬಂದು ಬಲ ಹಳಿಗೆ ಕೂಡುತ್ತದೆ. ಕೆಂಪು ಕರಿಯನ್ನು ಮುಟ್ಟುತ್ತದೆ. ಶಾರ್ಟ್ ಸರ್ಕ್ಯೂಟ್. ಎಲ್ಲಾದರೂ ಎರಡು ಕಡೆ ಲೋಹದ ಕ್ಲಿಪ್ಪು ತೆಗೆದು ಪ್ಲಾಸ್ಟಿಕ್ಕಿನದು ಹಾಕಿ ಸುತ್ತನ್ನು ಬೇರೆ ಮಾಡಬೇಕಿತ್ತು. ಒಂಬತ್ತನೆಯ ಇಯತ್ತೆಯ ಹುಡುಗರಿಗೆ ವರ್ಷಾ ವರ್ಷಾ ಬೋರ್ಡಿನ ಮೇಲೆ ಇದನ್ನೇ ಬರೆದು, ಬಾರದವರ ಕಿವಿ ಹಿಂಡುತ್ತಿದ್ದನಲ್ಲ. ಆವತ್ತು ಕರೆಂಟು ಹೋಗಿತ್ತು, ಓಡಿಸಿ ನೋಡಲಿಲ್ಲ. ಓಡಿಸಿ ನೋಡುವುದೇನಿದೆ, ಹಳಿಗೆ ಹಳಿ ಕೂಡಿದರಾಯಿತು ಎಂದು ಶೀಟಿ ಹೊಡೆಯುತ್ತ ಮನೆಗೆ ಬಂದಿದ್ದ. ಶೀಟಿ ಬೇರೆ!

ಈಗಲೇ ಹೋಗಿ ಹೇಳಬೇಕು ಅನಿಸಿತು. ಬೈಕಿಗೆ ಪೂಜೆಯಾಗಿದೆ, ನಾಳೆಯವರೆಗೆ ತೆಗೆಯುವ ಹಾಗಿಲ್ಲ. ಕೊಟ್ರೇಶನ ಮನೆ ಹೊಸ ಪ್ಲಾಟಿನ ಆಚೆ, ನಡೆದರೆ ದೂರ. ನಡೆಯಬಾರದೆಂದೇನೂ ಇರಲಿಲ್ಲ. ಫೋನಿಗಂತೂ ಯಾರೂ ವಿಭೂತಿ ಹಚ್ಚಿರಲಿಲ್ಲ, ಅದು ಕಿಸೆಯಲ್ಲಿ ಬೆಚ್ಚಗೆ ಕೂತಿತ್ತು. ತೆಗೆದ. ಹೆಸರು ಹುಡುಕಿದ. 'ಕೊಟ್ರೇಶ ಡ್ರಾಯಿಂಗ್' ಎಂದಿತ್ತು. ಫೋನಿನಲ್ಲಿ ಹೇಳಿದರೆ ಏನು ಚಂದ, ನಾಳೆ ಬನ್ನಿ ಕೊಡಲು ಹೇಗೂ ಬರುತ್ತಾನೆ, ಎದುರಾ ಎದುರು ಕೂತು ಹೇಳಿದರೆ ಆಯಿತು. ಹೀಗೆಂದುಕೊಂಡಾಗ ಹಗುರವಾಯಿತು. ಹಗುರವಾದದ್ದಕ್ಕೇ ಅನುಮಾನ ಬಂತು. ನಾಳೆ ಅವನು ಬರದಿದ್ದರೆ? ಬರದಿದ್ದರೆ ಒಳ್ಳೆಯದೇ ಆಯಿತಲ್ಲ ಎಂದು ಒಳಗಿನಿಂದ ಯಾವನೋ ಲಫಂಗ ಅಂದ. ಆ ಲಫಂಗನ ದನಿ ಥೇಟ್ ತನ್ನದೇ ಆಗಿತ್ತು. ಮೃತ್ಯುಂಜಯ ಫೋನನ್ನು ಕಿಸೆಗೆ ಹಾಕಿ, ಪೇಪರ್ ಕಪ್ ತರಲು ಹೊರಟ.

ಮರುದಿನ ಸಂಜೆ ಊರೆಲ್ಲ ಬನ್ನಿಯ ಗಿಡದ ಕಡೆ ಹೋಗಿ ಬಂದಿತ್ತು. ಪಡಸಾಲೆಯಲ್ಲಿ ಕಾಕಾ ಲೋಡಿಗೆ ಒರಗಿ ಕೂತಿದ್ದರು, ಮುಂದೆ ಹೂವಿನ ಕಪ್ಪು. ಬಂದವರೆಲ್ಲ ಮೊದಲು ಅವರ ಕಾಲಿಗೆರಗಿ ಎಲೆ ಕೊಟ್ಟು "ಬಂಗಾರದಂಗ ಇರೂಣ್ರಿ" ಎನ್ನುತ್ತಿದ್ದರು. ಅವರೂ ಎರಡು ಎಲೆ ಕಿತ್ತು ಕೊಟ್ಟು ಹಾಗೇ ಎನ್ನುತ್ತಿದ್ದರು. ಮೃತ್ಯುಂಜಯ ಬಾಗಿಲ ಕಡೆ ನೋಡುತ್ತ, ಮಂದಿಗೆ ಎಲೆ ಕೊಡುತ್ತ, ತೆಗೆದುಕೊಳ್ಳುತ್ತ ಇದ್ದ. ಹೊರಗೆ ಬೈಕು ನಿಂತ ಸದ್ದಾದಾಗಲೆಲ್ಲ ಅವನ ಕಿವಿ ಬಿಸಿಯಾಗುತ್ತಿತ್ತು. ಕೊಟ್ರೇಶ ಬಂದೇ ಬಿಟ್ಟ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೆಂಪಗಾದ ಕಣ್ಣು. ಬಾಗಿಲೊಳಗೆ ಎರಡು ಹೆಜ್ಜೆ ಬಂದು ಕಾಕಾನ ಕಾಲಿಗೆ ಎರಗಿದ. "ತಪ್ಪಾತ್ರಿ ಸಾಹೇಬ್ರ. ನನ್ನ ಕೈಯಾಗಿಂದ ಆಗೇತ್ರಿ." ಆಮೇಲೆ ಮೃತ್ಯುಂಜಯನ ಕಡೆ ತಿರುಗಿ, ಅಂಗೈಗೆ ಬನ್ನಿ ಎಲೆ ಇಟ್ಟ. "ಎರಡು ದಿನಾ ನೆನಸಿ ನೆನಸಿ ನೋಡಿದ್ನಿರಿ ಸರ್. ಬ್ರಿಜ್ ಕೆಳಗಿನ ಬೆಸಿಗಿ, ಅವತ್ತ ಗಡಿಬಿಡಿ ಮಾಡಿದ್ನಿ. ಅಲ್ಲೇ ಕೂಡ್ಯಾವು. ಮನ್ಯಾಗ ಹೆಂಡ್ತಿ ಮುಂದೂ ಅದನ್ನ ಅಂದ್ನಿ. ನಿಮ್ಮ ಹೆಸರು ಕೆಡಿಸಿದ್ನಿ, ಮಂದಿ ಮುಂದ."

ಇಲ್ಲದ ತಪ್ಪನ್ನು ಕೊಟ್ರೇಶ ಹುಡುಕಿ ತೆಗೆದಿದ್ದ. ತಾನು ತಾಟಿನ ಮುಂದೆ ಕೂತು ಬಯಸಿದ ಜಾಗದಲ್ಲೇ, ಅದೇ ಸೇತುವೆಯ ಕೆಳಗೆ. ಮೃತ್ಯುಂಜಯ ಅಂಗೈಯ ಎಲೆಯನ್ನು ಮುಚ್ಚಿ ಹಿಡಿದ. "ಇಲ್ಲೋ. ನಿಂದಲ್ಲ. ತಪ್ಪು ನಂದು." ಇಷ್ಟು ಸುಲಭವಾಗಿ ಬಾಯಿಗೆ ಬಂದದ್ದಕ್ಕೆ ಅವನಿಗೇ ಆಶ್ಚರ್ಯವಾಯಿತು. ಆದರೆ ಕಾಕಾ ಹೋ ಹೋ ಎಂದು ನಕ್ಕರು. "ನೋಡ್ರೆಪಾ, ನಮ್ಮ ಮೃತ್ಯುಂಜಯ ಹೆಂಗದಾನ! ಕೈ ಕೆಳಗಿನವ್ರ ತಪ್ಪು ತನ್ನ ಮ್ಯಾಲೆ ಹಾಕ್ಕೊಳ್ಳಾಕ ದೊಡ್ಡ ಮನಸು ಬೇಕು. ನಮ್ಮಣ್ಣನ ಗುಣ, ಥೇಟ್." ಕೂತವರು ಹೌದೌದೆಂದು ತಲೆಯಾಡಿಸಿದರು. "ಕೊಟ್ರೇಶಾ, ಇಂಥಾ ಮನಷ್ಯಾ ಸಿಕ್ಕಾನ ನಿನಗ, ಪುಣ್ಯಾ ಮಾಡಿದ್ದಿ." ಕೊಟ್ರೇಶನ ತಲೆ ಇನ್ನಷ್ಟು ಕೆಳಗೆ ಹೋಯಿತು. "ಹೌದ್ರಿ" ಎಂದ. ಶ್ವೇತಾ ಪೇಪರ್ ಕಪ್ಪಿನಲ್ಲಿ ಚಹಾ ತಂದು ಅವನ ಕೈಗೆ ಕೊಟ್ಟಳು. ಖರೇ ಹೇಳಿದರೂ ಅದು ತನಗೇ ಹೂವಾಗಿ ಬಂದು ಬೀಳುತ್ತದೆ ಎಂದರೆ ಏನು ಮಾಡುವುದು? ಸುಮ್ಮನಿದ್ದರೆ ಮುಗಿಯಿತು. ಹೇಳಿದ್ದಾಯಿತು, ಅವರು ನಂಬಲಿಲ್ಲ, ಇನ್ನೇನು ಬೇಕು ನಿನಗೆ ಎಂದ ಒಳಗಿನ ಲಫಂಗ.

ಮೃತ್ಯುಂಜಯ ಕೊಟ್ರೇಶನ ರಟ್ಟೆ ಹಿಡಿದ, ಚಹಾ ತುಳುಕಿತು. ಅಂಗಳಕ್ಕೆ ಎಳೆದು ತಂದು ರಂಗೋಲಿ ತೋರಿಸಿದ. ಮಂದಿಯ ಕಾಲಡಿಯಲ್ಲಿ ಅರ್ಧ ಅಳಿಸಿದ್ದರೂ ಎರಡು ಎಳೆ ಇನ್ನೂ ತಿಳಿಯುತ್ತಿದ್ದವು. "ಇದು ಯಲವಿಗಿ, ಇದು ಸವಣೂರು, ಇದು ನಾ ಹಾಕಿದ ಸುತ್ತು. ಬಿಳಿ ಎಳಿ ಹಿಡಕೊಂಡು ಬಾ." ಕೊಟ್ರೇಶ ಕಪ್ಪನ್ನು ಕಟ್ಟೆಯ ಮೇಲಿಟ್ಟು ಕುಕ್ಕರಗಾಲಲ್ಲಿ ಕೂತ. ಚಿತ್ರ ಬರೆಯುವವನ ಬೆರಳು, ನೆಲಕ್ಕೆ ತಾಗದ ಹಾಗೆ, ಬಿಳಿ ಎಳೆಯ ಮೇಲೆ ನಿಧಾನ ಹೋಯಿತು. ಬೈಕನ್ನು ಬಳಸಿತು. ಗುಲಾಬಿ ಕಲೆಯ ಹತ್ತಿರ ಬಂದು ನಿಂತಿತು. ಕಲೆಯ ಮೇಲಿಂದ ಕಣ್ಣೆತ್ತದೆ ಅವನು ಹೇಳಿದ: "ಸುತ್ತು ನೋಡಿದ್ನಿರಿ ಸರ್, ಚಿಕ್ಕೇರೂರಿಂದ ಬಂದ ಮ್ಯಾಲೆ. ನೀವು ಹಾಕೀರಿ ಅಂದ್ರ ವಿಚಾರ ಮಾಡೇ ಹಾಕೀರಿ ಅನಕೊಂಡ್ನಿ." ಅವನ ಹೆಗಲು ಇಳಿಯಿತು, ಎರಡು ದಿನ ಹೊತ್ತುಕೊಂಡಿದ್ದುದನ್ನು ಇಳಿಸಿದವನಂತೆ. ಮೃತ್ಯುಂಜಯನಿಗೂ ಉಸಿರು ಬಂತು. ಆಯಿತು, ಮುಗಿಯಿತು, ಇನ್ನು ಬನ್ನಿ ಕೊಟ್ಟರೆ ಆಯಿತೆಂದು ಎಲೆ ಹಿಡಿದ ಕೈ ಮುಂದೆ ಚಾಚಿದ. ಆಗ ಕೊಟ್ರೇಶ ಕೂತಲ್ಲಿಂದಲೇ ಕೇಳಿದ: "ನಿಮಗ ಯಾವಾಗ ತಿಳೀತ್ರಿ?"

ಈಗ ತಾನೇ ಎನ್ನಬಹುದಿತ್ತು. ನಾಲಿಗೆಯ ತುದಿಯಲ್ಲೇ ಇತ್ತು ಅದು. "ನಿನ್ನಿ. ಸಂಜಿ ಮುಂದ."

"ನಿನ್ನಿ ಸಂಜಿ ಮುಂದ." ಕೊಟ್ರೇಶ ಎದ್ದು ನಿಂತ. "ಫೋನ್ ಇತ್ತಲ್ರಿ ನಿಮ್ಮ ಕಡೆ." ಅವನ ದನಿ ಏರಲಿಲ್ಲ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ನಾ ರಾತ್ರಿ ಉಂಡಿಲ್ಲರಿ. ನೌಕರಿ ಹೋದ್ರ ಹೋಗ್ಲಿ, ಸರ್ ಮಾರಿ ಹೆಂಗ ನೋಡ್ಲಿ ಅಂತಿದ್ನಿ. ನೀವು ಹೋಳಿಗಿ ಉಂಡು ಮಲಗಿದ್ರಿ."

"ತಪ್ಪಾತೋ ಕೊಟ್ರೇಶ. ಬನ್ನಿ ತಗೋ."

"ಈಗ ಬ್ಯಾಡ್ರಿ." ಚಾಚಿದ ಕೈಯನ್ನು ಅವನು ನೋಡಿದ, ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ಅಷ್ಟಮಿ ದಿನಾ ಯಾರ ಮುಂದ ನನ್ನ ಬೆಸಿಗಿ ಮ್ಯಾಲೆ ತಪ್ಪು ಹಾಕಿದ್ರೋ, ಅವ್ರ ಮುಂದ ಒಂದೊಂದ ಬೆಸಿಗಿ ಮೀಟರ್ ಹಚ್ಚಿ ನೋಡ್ರಿ. ಮ್ಯಾಲೆ ನಿಂತು ಅಲ್ಲ. ಹಲಿಗಿ ಕೆಳಗ ಅಂಗಾತ ಮಕ್ಕೊಂಡು. ನಿಮ್ಮ ಕಾಕಾರೂ ಬಗ್ಗಿ ನೋಡ್ಲಿ. ಆಮ್ಯಾಲೆ ಬನ್ನಿ ತಗೋತೇನಿ." ಕಟ್ಟೆಯ ಮೇಲೆ ಅರ್ಧ ಚಹಾದ ಕಪ್ಪು ಹಾಗೇ ಇತ್ತು. ಅದನ್ನು ಅವನು ಬುಟ್ಟಿಗೆ ಹಾಕಲಿಲ್ಲ. ರಸ್ತೆ ದಾಟಿ ತನ್ನ ಬೈಕಿನ ಮೇಲೆ ಕೂತ. ಕಿಕ್ ಹೊಡೆಯಲಿಲ್ಲ, ಸುಮ್ಮನೆ ಕೂತ.

ಮೃತ್ಯುಂಜಯ ಒಳಗೆ ಬಂದ. ಅಂಗೈಯಲ್ಲಿ ಕೊಟ್ರೇಶ ಕೊಟ್ಟದ್ದೊಂದು ಎಲೆ, ತಾನು ಕೊಡಬೇಕಾದದ್ದೊಂದು, ಎರಡೂ ಬೆವರಿಗೆ ಅಂಟಿಕೊಂಡಿದ್ದವು. "ಏನಂತೋ ಅವಂದು?" ಎಂದರು ಕಾಕಾ. ಅವನು ನೇರ ದೇವರ ಕೋಣೆಯ ಮುಂದಿನ ಮಣೆಗೆ ಬಗ್ಗಿದ. ಸೊಂಟ ಎಲ್ಲೂ ನೋಯಲಿಲ್ಲ. ಪಕ್ಕಡ ತೆಗೆದುಕೊಂಡ, ಚೆಂಡುಹೂವು ಉದುರಿತು. ಮೀಟರು ತೆಗೆದುಕೊಂಡ. "ಇನ್ನೂ ಆರತಿ ಮಾಡಿ ಇಳಿಸಿಲ್ರಿ!" ಎಂದು ಶ್ವೇತಾ ಓಡಿ ಬಂದಳು. ಮಂದಿ ತಿರುಗಿ ನೋಡಿದರು. ಮೊನ್ನೆ ನಕ್ಕಿದ್ದವರಲ್ಲಿ ಇಬ್ಬರು ಅಲ್ಲೇ ಇದ್ದರು. ಅವರನ್ನೂ ಅವನು ನೋಡಿದ. ತುಟಿ ತಾನಾಗಿ ಅಗಲವಾಗಲು ಹೊರಟಿತ್ತು, ಹಲ್ಲು ಕಚ್ಚಿ ಹಿಡಿದ.

"ಕಾಕಾ, ಏಳ್ರಿ. ನೀವೂ ಏಳ್ರಿ. ಸಾಲಿಗೆ ಹೋಗೂಣು. ಕೊಟ್ರೇಶನ ಬೆಸಿಗಿ ತೋರಿಸ್ತೇನಿ, ಹಲಿಗಿ ಕೆಳಗ ಬಗ್ಗಿ ನೋಡಬೇಕು ನೀವು."

"ಈಗ? ಹಬ್ಬದಾಗ?" ಕಾಕಾ ಕಪ್ಪನ್ನು ಬಸಿಯ ಮೇಲಿಟ್ಟರು. "ಹುಚ್ಚು ಹಿಡದೈತೇನೋ ನಿನಗ? ನನಗ ನಡಾ ಹಿಡ್ದೈತಿ, ಬಗ್ಗಾಕ ಬರಂಗಿಲ್ಲ."

"ನನ್ನ ನಡಾನೂ ಹಂಗ ಹೇಳತಿತ್ತರಿ ಕಾಕಾ" ಎಂದ ಮೃತ್ಯುಂಜಯ. "ಏಳ್ರಿ. ಹೊರಗ ಕೊಟ್ರೇಶ ಕಾಯಾಕತ್ತಾನ."